ಒಂದಾಟವೂ ತಪ್ಪಿಸದವನು

ಕುರ್ಚಿಯಲ್ಲಿ ಕೂರಿಸಿದ್ದ ಪರಮೇಶ್ವರಪ್ಪನ ತಲೆ ಮತ್ತೆ ವಾಲಿತು. ಅಣ್ಣನ ಮಗ ಉಳಿವೆಪ್ಪ ಗದ್ದಕ್ಕೆ ಬಿಳಿ ಬಟ್ಟೆ ಕೊಟ್ಟು ನೆತ್ತಿಯ ಮೇಲೆ ಬಿಗಿದ. ಮಗಳು ನೇತ್ರಾ ಅಪ್ಪನ ಹಣೆಗೆ ಎರಡನೆಯ ಸಲ ವಿಭೂತಿ ಹಚ್ಚಿದಳು. ಹಾಲವ್ವ ಗಂಡನ ಕಾಲ ಬಳಿ ಕುಳಿತು ನೋಡುತ್ತಿದ್ದಳು. ಅವಳಿಗಿನ್ನೂ ಅಳು ಬಂದಿರಲಿಲ್ಲ.

ಅಕ್ಕಿಆಲೂರಿನ ಟಾಕೀಸು ಕಲ್ಯಾಣಮಂಟಪವಾಗಿ ಹದಿನಾಲ್ಕು ವರ್ಷ. ಅದರ ಮಾಲೀಕ ಸುಭಾಸ ದೊಡ್ಡ ಹಾರ ತಂದಿದ್ದ.

“ಮೂವತ್ತ ವರ್ಷ ಮಷೀನ್ ನಡೆಸಿದ್ರು. ಜ್ವರ ಬರ್ಲಿ, ಮಳಿ ಬರ್ಲಿ, ಒಂದಾಟಾನೂ ತಪ್ಪಿಸಿದವರಲ್ಲ ಕಾಕಾ,” ಎಂದ, ನೆರೆದವರಿಗೆಲ್ಲ ಕೇಳುವಂತೆ.

“ನಿಮ್ಮ ಟಾಕೀಸಿನ್ಯಾಗ ನೂರ ದಿನ ಓಡಿತ್ತಲ್ಲ, ಆ ಸಿನಿಮಾನ ಈಗ ಹೊಸಬರನ್ನ ಹಾಕಿ ಮತ್ತ ತಗದಾರಂತಲ್ರಿ?” ಪಕ್ಕದ ಮನೆಯ ನೀಲಪ್ಪ ಕೇಳಿದ.

“ತಗದಾರ. ಯಾರ ಹೋಗ್ತಾರ ನೋಡಾಕ? ತಿಂಗಳದಾಗ ಮೊಬೈಲಿಗೆ ಬರ್ತೈತಿ.”

ಒಂದಾಟಾನೂ ತಪ್ಪಿಸಿದವರಲ್ಲ. ಹಾಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ತಡೆಯುತ್ತಿದ್ದಾಳೆ ಎಂದುಕೊಂಡರು ಹೆಂಗಸರು.

*

ನಲವತ್ತು ವರ್ಷದ ಹಿಂದೆ, ಆ ಸಿನಿಮಾ ಬಂದ ಎರಡನೆಯ ರವಿವಾರ, ಚೊಚ್ಚಲ ಬಸುರಿ ಹಾಲವ್ವನಿಗೆ ಬೇನೆ ಹತ್ತಿತು. ಸೂಲಗಿತ್ತಿ ಕೈಚೆಲ್ಲಿದಳು. ಹಾನಗಲ್ಲಿನ ದವಾಖಾನೆಗೆ ಒಯ್ಯಬೇಕಿತ್ತು. ಊರಿನ ಇದ್ದಬದ್ದ ಗಾಡಿಗಳೆಲ್ಲ, ಹಿರೇಕೆರೂರು, ಸವಣೂರಿನ ಕಡೆಯಿಂದ ಬಂದ ಟ್ರ್ಯಾಕ್ಟರುಗಳ ಜೊತೆ, ಟಾಕೀಸಿನ ಮುಂದೆಯೇ ನಿಂತಿದ್ದವು. ಗೆಳತಿ ಅಖ್ತರುನ್ನೀಸಾ ಪರಮೇಶ್ವರಪ್ಪನನ್ನು ಕರೆಯಲು ಅಲ್ಲಿಗೆ ಓಡಿದಳು. ಒಬ್ಬಳೇ ಮರಳಿದಳು.

“ಮಷೀನ್ ನಿಲ್ಸಿದ್ರ ಜನ ಪರದೆ ಹರೀತಾರಂತ. ಇನ್ನ ನಾಕ ರೀಲು ಅದಾವಂತ. ಮುಗದ ಕೂಡ್ಲೆ ಬರ್ತಾರಂತ ಹಾಲವ್ವ.”

ಅವನು ಬಂದು, ಗಾಡಿ ಹೊಂದಿಸಿ, ಹಾನಗಲ್ಲು ಮುಟ್ಟುವುದರೊಳಗೆ ಕೂಸು ಹೊಟ್ಟೆಯಲ್ಲೇ ತಣ್ಣಗಾಗಿತ್ತು. ಗಂಡುಕೂಸು. ಹಾಲವ್ವ ಅವನನ್ನು ಬೈಯಲಿಲ್ಲ. ಟಾಕೀಸಿನ ಮೆಟ್ಟಿಲನ್ನು ಮಾತ್ರ ಮತ್ತೆ ತುಳಿಯಲಿಲ್ಲ.

*

ಕಳೆದ ವಾರ ನೇತ್ರಾ ಹುಬ್ಬಳ್ಳಿಯ ಮಾಲ್‌ನಲ್ಲಿ ಆ ಹೊಸ ಸಿನಿಮಾಕ್ಕೆ ಟಿಕೆಟ್ ತೆಗೆಸಿದಾಗ, ಗಂಡನ ಮುಖ ನೋಡಿ, ಹಾಲವ್ವನಿಗೆ ಒಲ್ಲೆನೆನ್ನಲು ಆಗಲಿಲ್ಲ. ಅದೇ ಕತೆ, ಬೇರೆ ಮುಖಗಳು. ಇನ್ನೂರು ಕುರ್ಚಿಗೆ ಹನ್ನೊಂದು ಜನ. ಪರಮೇಶ್ವರಪ್ಪ ಪರದೆ ಬಿಟ್ಟು ಹಿಂದಿನ ಬೆಳಕಿನ ಕಿಂಡಿಯನ್ನೇ ನೋಡುತ್ತಿದ್ದ. ಮಧ್ಯಂತರದಲ್ಲಿ ಕಸ ಗುಡಿಸುವವಳನ್ನು ಕೇಳಿದ:

“ಮ್ಯಾಲೆ ಆಪರೇಟರ್ ಯಾರದಾರ ತಂಗಿ?”

“ಯಾರೂ ಇಲ್ರಿ ಅಜ್ಜಾರ. ಕಂಪ್ಯೂಟರ್‌ನ್ಯಾಗ ಹಾಕಿರ್ತಾರ, ತಾನ ನಡೀತೈತಿ.”

ಮರಳುವಾಗ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನೇತ್ರಾ ನೀರು ತರಲು ಹೋಗಿದ್ದಳು.

“ಅವತ್ತ ನಾ ಎದ್ದ ಬರಬೇಕಿತ್ತ,” ಎಂದ ಅವನು. “ಹರದಿದ್ರ ಹರೀಲಿ, ಪರದೆ.”

ನಲವತ್ತು ವರ್ಷ ಅವಳು ಕಾದಿದ್ದ ಮಾತು. ಆದರೆ ಹಾಲವ್ವನ ಬಾಯಿಂದ ಹೊರಟದ್ದು ಇಷ್ಟೇ:

“ಬಸ್ ಬಂತು, ಏಳ್ರಿ.”

ನಾಲ್ಕನೆಯ ದಿನ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ.

*

“ಚಿಗವ್ವಾ, ಕುಣಿ ನಮ್ಮ ಅಜ್ಜನ ಗೋರಿ ಮಗ್ಗಲಕ್ಕ ತಗಸ್ಲೇನು? ಜಾಗಾ ಐತಿ,” ಉಳಿವೆಪ್ಪ ಬಗ್ಗಿ ಕೇಳಿದ.

“ಬ್ಯಾಡ. ನಾ ತೋರಸ್ತೇನಿ, ನಡಿ.”

ಹೆಂಗಸರು ಕೈಹಿಡಿದರೂ ನಿಲ್ಲದೆ ಹಾಲವ್ವ ಅವನ ಹಿಂದೆ ರುದ್ರಭೂಮಿಗೆ ನಡೆದಳು. ಬಡಗಣ ಗೋಡೆಯ ಬುಡದಲ್ಲಿ, ಮುಳ್ಳುಕಂಟಿ ಸರಿಸಿ ನಿಂತಳು. ಅಲ್ಲಿ ಕಲ್ಲಿರಲಿಲ್ಲ, ಗುರುತಿರಲಿಲ್ಲ.

“ಇಲ್ಲೆ ತಗಿ. ಸಾವಕಾಶ. ಈ ಮಗ್ಗಲಕ್ಕ ನನ್ನ ಕೂಸು ಐತಿ.”

ಉಳಿವೆಪ್ಪ ಎತ್ತಿದ ಗುದ್ದಲಿಯನ್ನು ಕೆಳಗಿಟ್ಟ. ಮೊಣಕಾಲೂರಿ ಕುಳಿತು, ಎರಡೂ ಕೈಯಿಂದ ಮೆಲ್ಲಗೆ ಮಣ್ಣು ಬಗೆಯತೊಡಗಿದ.