ಸಿಗ್ಮಾ ಬಿಟ್ಟುಹೋಗುವ ಹೊತ್ತು

ನಿಲಂಗಾದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರದ ಉತ್ತರಪತ್ರಿಕೆಗಳನ್ನು ಹಂಚಿದಾಗ, ಉಮರ್ಗಾದ ಪ್ರಣಿತಾಳ ಹತ್ತು ಅಂಕದ ಉತ್ತರಕ್ಕೆ ಸೊನ್ನೆ ಬಿದ್ದಿತ್ತು. ಬ್ಯಾಕ್ಟೀರಿಯಾ ತನ್ನ ಜೀನನ್ನು ಆರ್‌ಎನ್‌ಎ ಆಗಿ ನಕಲು ಮಾಡುವ ಕೆಲಸವನ್ನು ಹೇಗೆ ಆರಂಭಿಸಿ ಹೇಗೆ ಮುಗಿಸುತ್ತದೆ ಎಂಬುದು ಪ್ರಶ್ನೆ. ಉಳಿದ ಮೂವತ್ತೊಂಬತ್ತು ಮಂದಿ ಗೈಡಿನಲ್ಲಿದ್ದುದನ್ನೇ ಇಳಿಸಿ ಪೂರ್ಣಾಂಕ ಪಡೆದಿದ್ದರು: ಸಿಗ್ಮಾ ಎಂಬ ಪ್ರೋಟೀನು ಕೆಲಸ ಆರಂಭಿಸುತ್ತದೆ, ತಾನೇ ಮುಗಿಸುತ್ತದೆ. ಸುಳ್ಳನ್ನು ಒಕ್ಕೊರಲಿನಿಂದ ಬರೆದರೆ ಸತ್ಯವಾಗುವುದೇ? ಆ ಸೊನ್ನೆ ಉಳಿದರೆ ಉದಗೀರದ ವಿಚಾರಗೋಷ್ಠಿಯ ಸ್ಪರ್ಧೆಯಲ್ಲಿ ಮಾತಾಡುವ ಅವಕಾಶ ಪ್ರಣಿತಾಳ ಕೈತಪ್ಪುತ್ತಿತ್ತು. ಆಕೆ ತರಗತಿಯಲ್ಲೇ ಎದ್ದು, ಸಿಗ್ಮಾ ಕೆಲಸ ಮುಗಿಸುವುದಿಲ್ಲ ಎಂದು ಆಕ್ಷೇಪಿಸಿದಳು.

ಭಾಲ್ಕಿಯಿಂದ ಬಂದು ನೆಲೆಸಿದ್ದ ಪ್ರಾಧ್ಯಾಪಕ ಬಕ್ಕಪ್ಪನವರು ನಕ್ಕರು. "ಯಾಕವ್ವಾ, ನಿಮ್ಮಪ್ಪ ಕಾಶಿನಾಥಯ್ಯನೋರು ಪೂಜಾ ಮಾಡಸೋರು. ಶುರು ಮಾಡ್ದೋರೇ ಮುಗಸಬೇಕಲ್ಲಾ? ಸಿಗ್ಮಾಂದೂ ಹಂಗೇ!"

"ನೀವು ನಮ್ಮಪ್ಪಗ ಶ್ರಾವಣದಾಗ ನೋಡಿಲ್ರೀ ಸರ್. ದಿನಾ ಹತ್ತು ಮನಿ! ಕಳಸ ಇಟ್ಟು, ಪುರಾಣದ ಪೋಥಿ ನಾಕು ಸಾಲು ಓದಿ, ಮುಂದಿನ ಮನಿಗೆ ಓಡ್ತಾರ. ಉಳದದ್ದು ಮನಿಯವರೇ ಓದ್ತಾರ. ಸಿಗ್ಮಾನೂ ಎಲ್ಲಿಂದ ಶುರು ಅಂತ ತೋರ್ಸಿ, ನಕಲು ಸಾಗಿದ ಮ್ಯಾಲ ಸಾಮಾನ್ಯವಾಗಿ ಬಿಟ್ಟು ಹೋಗ್ತದರೀ."

ತರಗತಿ ಗೊಳ್ಳೆಂದಿತು. "ಹಂಗಾರ ಮುಗಸೋರು ಯಾರು?" ಎಂದು ಬಕ್ಕಪ್ಪನವರು ಗದರಿದರು.

ಪ್ರಣಿತಾ ಸೀಮೆಸುಣ್ಣ ಹಿಡಿದಳು. ಕೆಲವು ಜೀನುಗಳ ಕೊನೆಯಲ್ಲಿ ಹೊಸ ಆರ್‌ಎನ್‌ಎ ಎಳೆ ತಾನೇ ಮಡಚಿಕೊಂಡು ಕುಣಿಕೆಯಾಗುತ್ತದೆ. ಅದರ ಬೆನ್ನಿಗೆ ಬರುವ ಯು ಅಕ್ಷರಗಳ ಸಾಲಿಗೆ ಡಿಎನ್‌ಎ ಮೇಲಿನ ಹಿಡಿತ ಸಡಿಲವಾದ್ದರಿಂದ ಎಳೆ ಕಳಚಿಕೊಳ್ಳುತ್ತದೆ. ಬೇರೆ ಕೆಲವೆಡೆ ರೋ ಎಂಬ ಇನ್ನೊಂದು ಪ್ರೋಟೀನು ಎಳೆಯನ್ನು ಹಿಡಿದು ಬಿಡಿಸುತ್ತದೆ. ಎರಡನ್ನೂ ಚಿತ್ರಿಸಿ, ಗ್ರಂಥಾಲಯದ ದಪ್ಪ ಪಠ್ಯಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಳು.

ಬಕ್ಕಪ್ಪನವರು ಓದಿದರು, ಮತ್ತೊಮ್ಮೆ ಓದಿದರು. "ತಪ್ಪು ನಂದವ್ವಾ. ಎಂಟು ವರ್ಷ ಆತು, ಗೈಡ್ ನೋಡಿ ಇದನ್ನೇ ಕಲಸ್ಲಾಕತ್ತೀನಿ."

ಶಿಷ್ಯರೆದುರು ಹೀಗೆನ್ನಲು ಎದೆಗಾರಿಕೆ ಬೇಕು. ಅಂದೇ ನಲವತ್ತೂ ಪತ್ರಿಕೆಗಳನ್ನು ಮರಳಿ ಪಡೆದು ತಿದ್ದಿದರು. ಪ್ರಣಿತಾಳಿಗೆ ಹತ್ತಕ್ಕೆ ಹತ್ತು ಬಂತು.

"ನಿನ್ನ ಸಲುವಾಗಿ ನನ್ನ ಆರು ಮಾರ್ಕ್ ಹೋದ್ವಲ್ಲೇ!" ಎಂದು ಗೆಳತಿ ವೈಷ್ಣವಿ ಜಡೆ ಎಳೆದಳು. "ಉದಗೀರದಾಗ ಗೆಲ್ಲಲಿಲ್ಲಾಂದ್ರ ನೋಡು!"

ಉದಗೀರದಲ್ಲಿ ತೀರ್ಪುಗಾರರು ಮೂರು ಸಲ ಅಡ್ಡ ಪ್ರಶ್ನೆ ಹಾಕಿದರು. ಮೂರಕ್ಕೂ ಪ್ರಣಿತಾ ಗೈಡಿನಲ್ಲಿಲ್ಲದ ಉತ್ತರ ಕೊಟ್ಟಳು. ಮೊದಲ ಬಹುಮಾನಕ್ಕೆ ಅವಳ ಹೆಸರು ಕರೆದಾಗ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವರು ಬಕ್ಕಪ್ಪನವರು.