ಪೈಪು ಹಾಕಿದ ಪಾನಾ

ಪ್ರಮೀಳಾಳ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿದ ಡಾಕ್ಟರು ಒಂದೇ ಮಾತು ಹೇಳಿ ಕಳಿಸಿದ್ದರು. "ತಿರುಚೋ ಕೆಲಸ ಕಡಿಮೆ ಮಾಡಮ್ಮ, ಇಲ್ಲಾಂದ್ರೆ ಪೂರ್ತಿ ಬಿಡಬೇಕಾಗತ್ತೆ." ಸೊರಬದ ಜಡೆ ರಸ್ತೆಯಲ್ಲಿ ಟಿಲ್ಲರು, ಜೋಳ ಬಿಡಿಸುವ ಮಷಿನ್ನು ರಿಪೇರಿ ಮಾಡಿ ಬದುಕುವವಳಿಗೆ ನಟ್ಟು ಬಿಚ್ಚುವ ಪಾನಾ ತಿರುವಬೇಡ ಅಂದರೆ ವರ್ಕ್‌ಶಾಪಿನ ಬಾಗಿಲು ಹಾಕು ಅಂದ ಹಾಗೆಯೇ.

ಅವಳ ಅತ್ತೆ ಗುಡ್ಡಮ್ಮ ಎರಡು ದಿನ ಆ ಪಟ್ಟಿಯನ್ನೇ ನೋಡಿದಳು. ಮೂರನೇ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಲೇ ಹೇಳಿದಳು: "ನಡಿ, ಶಿಕಾರಿಪುರಕ್ಕೆ ಹೋಗಿ ರ್ಯಾಚೆಟ್ ಪಾನಾ ತರಾಣ."

ಪ್ರಮೀಳಾ ನಕ್ಕುಬಿಟ್ಟಳು. "ಮಾವ ಇದ್ದಿದ್ರೆ ಈ ಮಾತಿಗೆ ನಿಮ್ಮನ್ನ ವರ್ಕ್‌ಶಾಪ್ ಒಳಗೇ ಬಿಡ್ತಿರ್ಲಿಲ್ಲ ಅತ್ತೆ. ಆಟದ ಸಾಮಾನು ಅಂತಿದ್ರು ಅದನ್ನ."

"ಅಂತಿದ್ರು. ನೀ ಸೀರೆ ಬದಲಾಯಿಸ್ಕೊಂಡು ಬಾ."

ಹೊರಡುವಾಗ ಪ್ರಮೀಳಾ ಅಳತೆಗೆ ಇರಲಿ ಅಂತ ಹಳೇ ರಿಂಗ್ ಪಾನಾಗಳ ಕಟ್ಟನ್ನೂ ಚೀಲಕ್ಕೆ ಹಾಕಿಕೊಂಡಳು. ಮಾವ ಚಿಕ್ಕಬೀರಪ್ಪ ತನ್ನ ಕೈಯಾರೆ ಅವಳಿಗೆ ಒಪ್ಪಿಸಿದ್ದ ಪಾನಾಗಳು ಅವು. ಅವನು ಹೋಗಿ ನಾಲ್ಕು ವರ್ಷವಾದರೂ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಗಂಡ ಮಾಳೇಶ ಖಾಸಗಿ ಬಸ್ಸಿನ ಡ್ರೈವರು, ಅವನಿಗೆ ಪಾನಾ ಹಿಡಿಯುವ ಮನಸ್ಸೇ ಇರಲಿಲ್ಲ. ಕೆಲಸ ಕಲಿತವಳು ಸೊಸೆ. ಅವಳಿಗೆ ಮಾವ ಆಡಿದ ಮಾತು ಅಂದರೆ ಆಯಿತು, ಅದರ ಮೇಲೆ ಇನ್ನೊಂದಿಲ್ಲ. ಗುಡ್ಡಮ್ಮನಿಗೆ ಕಷ್ಟವಾಗಿದ್ದೂ ಅದೇ.

ಬಸ್ಸು ಶಿರಾಳಕೊಪ್ಪ ದಾಟುವ ತನಕ ಗುಡ್ಡಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಒಣಗಿ ನಿಂತ ಮೆಕ್ಕೆಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಅವಳ ಕಿವಿಯಲ್ಲಿ ಮಾತ್ರ ಗಂಡನ ಪಾನಾದ ಸದ್ದು. ಮದುವೆಯಾದ ಹೊಸದರಲ್ಲಿ ಒಂದು ದಿನ ಕೆಲಸದಾಳು ಬರಲಿಲ್ಲ ಅಂತ ಬೋಲ್ಟಿನ ತಲೆ ಹಿಡಿದುಕೊಳ್ಳಲು ಕೂರಿಸಿದವನು ಆಮೇಲೆ ಅವಳನ್ನು ಏಳಗೊಡಲೇ ಇಲ್ಲ. ಆಚೆ ಅವನು, ಈಚೆ ಇವಳು, ನಡುವೆ ಮಷಿನ್ನು. ಒಂದು ಎಳೆತ, ಪಾನಾ ತೆಗೆ, ಮತ್ತೆ ನಟ್ಟಿಗೆ ಕೂರಿಸು, ಇನ್ನೊಂದು ಎಳೆತ. ಹಾಗೆ ತೆಗೆದು ಕೂರಿಸುವ ಸಂದಿಯಲ್ಲಿ ಅವನು ಒಂದು ಮಾತು ಆಡುತ್ತಿದ್ದ, ಮುಂದಿನ ಸಂದಿಯಲ್ಲಿ ಇವಳು ಉತ್ತರ ಕೊಡುತ್ತಿದ್ದಳು. ಎದುರಿಗೆ ಕೂರಿಸಿದರೆ ಬಾಯಿಬಿಡದ ಗಂಡಸು ಮಷಿನ್ನಿನ ಮರೆಯಲ್ಲಿ ಎಲ್ಲ ಹೇಳುತ್ತಿದ್ದ. ಮಗನಿಗೆ ಮಾಳೇಶ ಅಂತ ಹೆಸರು ನಿಶ್ಚಯವಾಗಿದ್ದು ಕೂಡ ಒಂದು ಟ್ರ್ಯಾಕ್ಟರಿನ ಎಂಟು ನಟ್ಟು ಬಿಗಿಯಾಗುವುದರೊಳಗೆ.

ಶಿಕಾರಿಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಈಗ ಸಾವ್ಕಾರರ ಮಗ ಚನ್ನೇಶ್ ಗಲ್ಲಾದಲ್ಲಿ ಕೂತಿದ್ದ. ಒಳಗಡೆ, ತಂತಿ ಸುರುಳಿಗಳ ಪಕ್ಕದ ಕುರ್ಚಿಯಲ್ಲಿ ಅವನ ಅಪ್ಪ ಗಂಗಾಧರಪ್ಪ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪೇಪರ್ ಓದುತ್ತಿದ್ದರು. ಗುಡ್ಡಮ್ಮ ಅವರನ್ನು ನೋಡಿದವಳೇ ಸೆರಗು ಸರಿಮಾಡಿಕೊಂಡಳು. ಅವರು ತಲೆ ಎತ್ತಲಿಲ್ಲ.

"ಬರ್ರೀ ಅಮ್ಮಾ, ಏನ್ ಬೇಕಾಗಿತ್ರೀ?" ಚನ್ನೇಶ್ ಕೇಳಿದ.

"ರ್ಯಾಚೆಟ್ ಪಾನಾ. ಇವಳ ಕೈಗೆ."

ಅವನು ಮೂರು ಥರದ್ದು ತೆಗೆದು ಸಾಲಾಗಿ ಇಟ್ಟ. "ಒಂದ್ಸಲ ನಟ್ಟಿಗೆ ಕೂರ್ಸಿದ್ರೆ ಮತ್ತೆ ತೆಗಿಯಂಗಿಲ್ರೀ ಅಕ್ಕಾ. ಕೈ ಹಿಂದಕ್ಕೆ ಮುಂದಕ್ಕೆ ಆಡಿಸ್ತಾ ಇರೋದಷ್ಟೇ. ಮಣಿಕಟ್ಟಿಗೆ ಆರಾಮ."

ಪ್ರಮೀಳಾ ಕೈ ಚಾಚಲಿಲ್ಲ. ಗುಡ್ಡಮ್ಮನೇ ಒಂದೊಂದನ್ನೂ ಎತ್ತಿ ತೂಗಿ ನೋಡಿದಳು. ಕಣ್ಣಿಗೆ ಪೊರೆ ಬಂದು ಅಳತೆಯ ಅಂಕಿ ಮಸುಕಾಗಿದ್ದರೂ ಹದಿಮೂರು ಯಾವುದು ಹದಿನಾಲ್ಕು ಯಾವುದು ಅಂತ ಅವಳ ಬೆರಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೌಂಟರಿಗೆ ಬಿಗಿದಿದ್ದ ವೈಸಿನ ದವಡೆಗೆ ಕಚ್ಚಿಸಿದ್ದ ಬೋಲ್ಟಿಗೆ ಮೊದಲನೆಯದನ್ನು ಹಾಕಿ, ಎಡಗೈಯ ಎರಡು ಬೆರಳನ್ನು ಅಡ್ಡ ಹಿಡಿದು, ಆ ಬೆರಳಿಗೆ ತಾಗುವ ತನಕ ಮಾತ್ರ ಹಿಡಿಕೆ ಆಡಿಸಿದಳು. ಸದ್ದೇ ಬರಲಿಲ್ಲ.

"ಜೋಳದ ಮಷಿನ್ನಿನ ಪುಲ್ಲಿ ಹಿಂದೆ ಇಷ್ಟೇ ಜಾಗ ಇರದು," ಅಂದಳು. "ಇದರ ಒಳಗಿನ ಹಲ್ಲು ದಪ್ಪ. ಅಲ್ಲಿ ಇದು ಕಚ್ಚಂಗಿಲ್ಲ."

ಎರಡನೆಯದರ ಕುತ್ತಿಗೆ ಬಗ್ಗುತ್ತಿತ್ತು. ಅದನ್ನು ಅಲ್ಲಾಡಿಸಿ ಕೆಳಗಿಟ್ಟಳು. "ಕೀಲು ಜಾಸ್ತಿ ಆದಷ್ಟೂ ಸಡಿಲ ಆಗೋ ಜಾಗ ಜಾಸ್ತಿ." ಮೂರನೆಯದನ್ನು ಹಾಕಿದಾಗ ಎರಡು ಬೆರಳಿನ ಸಂದಿಯಲ್ಲೇ ಕಟ್ ಕಟ್ ಕಟ್ ಅಂತ ಮೂರು ಸಲ ಸಣ್ಣಗೆ ಉಲಿಯಿತು. ತಲೆಯ ಪಕ್ಕದಲ್ಲಿದ್ದ ಪುಟ್ಟ ಗುಂಡಿ ಸರಿಸಿದರೆ ಅದೇ ಪಾನಾ ಉಲ್ಟಾ ತಿರುಗುತ್ತಿತ್ತು. ಹಿಡಿಕೆಯೂ ಚೂರು ಮೇಲಕ್ಕೆ ಬಾಗಿತ್ತು, ಬೆರಳಿನ ಗೆಣ್ಣು ತರಚದ ಹಾಗೆ.

"ಇದು."

"ಬೇಡ ಅತ್ತೆ," ಅಂದಳು ಪ್ರಮೀಳಾ. "ಮಾವ ಇದೇ ಊರಲ್ಲಿ ಒಂದು ತಗೊಂಡಿದ್ರಂತಲ್ಲ. ಒಂದೇ ದಿನಕ್ಕೆ ಹಲ್ಲು ಉದುರ್ತು ಅಂತ ಎಷ್ಟು ಸಲ ಹೇಳಿದಾರೆ. ದುಡಿಯೋ ಕೈಗೆ ಇದು ತಡೆಯಲ್ಲ. ಹೋಗಾಣ ನಡೀರಿ. ನನ್ನ ಕೈ ಹೆಂಗೋ ಆಗತ್ತೆ."

ಪೇಪರಿನ ಹಿಂದೆ ಸರಸರ ಅನ್ನುತ್ತಿದ್ದ ಸದ್ದು ನಿಂತಿತು.

ಗುಡ್ಡಮ್ಮ ಪಾನಾ ಕೆಳಗಿಡಲಿಲ್ಲ. ಈಗ ಬಾಯಿ ಮುಚ್ಚಿಕೊಂಡರೆ ಗಂಡನ ಮಾತು ಉಳಿಯುತ್ತದೆ, ಸೊಸೆಯ ಕೈ ಹೋಗುತ್ತದೆ.

"ಅದು ತಾನಾಗಿ ಉದುರ್ಲಿಲ್ಲ ಪ್ರಮೀಳಾ. ನಿಮ್ಮ ಮಾವ ಪೈಪು ಹಾಕಿದ್ರು."

"ಏನಂದ್ರಿ?"

"ಟ್ರೇಲರಿಂದು ತುಕ್ಕು ಹಿಡಿದ ನಟ್ಟು. ಟ್ರ್ಯಾಕ್ಟರಿನವನು ಎದುರಿಗೇ ನಿಂತು, 'ಏನೋ ಹೊಸ ಪಾನಾ ಬಂದೈತಂತೆ, ಬಿಚ್ಚು ನೋಡಾಣ' ಅಂತ ಚುಚ್ಚಿದ. ಇವರಿಗೆ ರೋಷ ಬಂತು. ಹಿಡಿಕೆಗೆ ಮಾರುದ್ದ ಪೈಪು ತೂರಿಸಿ ಜಗ್ಗಿದ್ರು. ಬೋಲ್ಟಿನ ತಲೆ ಹಿಡ್ಕೊಂಡಿದ್ದವಳು ನಾನು. ಹಲ್ಲು ಟಕ್ ಅಂತ ಮುರಿದಿದ್ದು ನನ್ನ ಕೈಗೂ ತಾಗಿತು. ಮಾರನೇ ದಿನ ಇಲ್ಲಿಗೆ ಬಂದು, ಇದೇ ಕಟ್ಟೆ ಮೇಲೆ, ಐದಾರು ಜನರ ಎದುರಿಗೆ ಅದನ್ನ ಬಿಸಾಕಿ, 'ಆಟದ ಸಾಮಾನು ಮಾರ್ತೀರೇನ್ರೀ' ಅಂದ್ರು. ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ."

ಅವಳು ಒಳಗಿನ ಕುರ್ಚಿಯತ್ತ ತಿರುಗಿದಳು. "ಸಾವ್ಕಾರ್ರೇ, ನಿಮಗೆ ನೆನಪೈತೋ ಇಲ್ಲೋ. ಅವತ್ತು ನೀವು ಎದುರು ಮಾತಾಡದೆ ಅದರ ಬದಲಿಗೆ ರಿಂಗ್ ಪಾನಾ ಸೆಟ್ಟು ಕೊಟ್ಟು ಕಳಿಸಿದ್ರಿ."

ಗಂಗಾಧರಪ್ಪ ಪೇಪರ್ ಮಡಚಿದರು. "ನೆನಪೈತಿ ತಂಗಿ. ಹಿಡಿಕಿ ಮ್ಯಾಲೆ ಪೈಪಿನ ಗುರುತು ದುಂಡಗೆ ಕೂತಿತ್ತು. ನಾ ಅವತ್ತೇ ನೋಡಿದೆ."

"ನೋಡಿಯೂ ಕೊಟ್ರಾ?" ಗುಡ್ಡಮ್ಮ ಕೇಳಿದಳು.

"ಮತ್ತೇನ್ ಮಾಡ್ಲಿ? ಅಷ್ಟು ಮಂದಿ ಮುಂದ ಅವನಿಗೂ ಸಿಟ್ಟು, ನನಗೂ ಸಿಟ್ಟು. ನೀ ಒಬ್ಬಾಕಿ ನೆಲ ನೋಡ್ಕೊಂತ ನಿಂತಿದ್ದೆ. ನಿನ್ನ ಮುಖ ನೋಡಿ ಕೊಟ್ಟೆ." ಆಮೇಲೆ ಹುಬ್ಬು ಏರಿಸಿದರು. "ಆಮ್ಯಾಲೆ ಈ ಕಡಿ ತಲೀನೂ ಹಾಕ್ಲಿಲ್ಲ ನೋಡು ಆಸಾಮಿ!"

ಪ್ರಮೀಳಾ ಚೀಲದಿಂದ ಹಳೇ ಕಟ್ಟು ತೆಗೆದು ಬಿಚ್ಚಿದಳು. ಎಣ್ಣೆ ಕುಡಿದು ಮಿರುಗುತ್ತಿದ್ದ ರಿಂಗ್ ಪಾನಾಗಳನ್ನು ಗಂಗಾಧರಪ್ಪ ಹತ್ತಿರ ಬಂದು ಮುಟ್ಟಿ ನೋಡಿದರು. "ಇವೇ ಅಲ್ಲೇನು," ಅಂದರು ಮೆಲ್ಲಗೆ. "ಚಲೋ ಇಟ್ಕೊಂಡೀರಿ."

ಪ್ರಮೀಳಾಳ ಮುಖದಲ್ಲಿ ಏನಿದೆ ಅಂತ ಗುಡ್ಡಮ್ಮನಿಗೆ ಗೊತ್ತಾಗಲಿಲ್ಲ. ಸತ್ತವನ ಮರ್ಯಾದೆ ಬೀದಿಗೆ ಹಾಕಿದೆ ಅನ್ನುತ್ತಾಳೋ ಏನೋ. ಪ್ರಮೀಳಾ ಪಾನಾಗಳನ್ನು ಜೋಡಿಸಿ ಮತ್ತೆ ದಾರ ಸುತ್ತಿದಳು.

"ನಾನು ಕೆಲಸಕ್ಕೆ ಕೂತ ಮೊದಲನೇ ದಿನ," ಅಂದಳು ಕೊನೆಗೆ, "ಮಾವ ಪಾನಾ ಕೈಗೆ ಕೊಡೋಕಿಂತ ಮುಂಚೆ ಹೇಳಿದ್ದು ಏನು ಗೊತ್ತಾ ಅತ್ತೆ? ಯಾರು ಎದುರಿಗೆ ನಿಂತು ಚುಚ್ಚಿದ್ರೂ ಹಿಡಿಕೆಗೆ ಪೈಪು ಹಾಕಬೇಡ ಮಗಾ ಅಂತ. ಇದೇನಪ್ಪಾ, ಯಾರು ಯಾಕೆ ಚುಚ್ತಾರೆ ಅಂತ ನಾನು ಅಂದ್ಕೊಂಡಿದ್ದೆ."

ಗುಡ್ಡಮ್ಮನಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಹೇಳದ್ದನ್ನು ಗಂಡ ಸೊಸೆಗೆ ಹೇಳಿದ್ದ, ಅರ್ಧ ಮಾತ್ರ.

"ಹತ್ತರಿಂದ ಹತ್ತೊಂಬತ್ತರ ತನಕ ಕೊಡಿ ಅಣ್ಣಾ," ಅಂದಳು ಪ್ರಮೀಳಾ ಚನ್ನೇಶನಿಗೆ. "ಅತ್ತೆ ಆರಿಸಿದ್ದೇ."

ಮಾರನೇ ದಿನ ವರ್ಕ್‌ಶಾಪಿನಲ್ಲಿ ಜೋಳದ ಮಷಿನ್ನು ಕಾಯುತ್ತ ನಿಂತಿತ್ತು. ಬಿಗಿ ನಟ್ಟಿನ ಸೊಕ್ಕನ್ನು ಮೊದಲು ಹಳೇ ರಿಂಗ್ ಪಾನಾದಿಂದ ಎಡಗೈಯಲ್ಲಿ ಒಂದು ಎಳೆತ ಎಳೆದು ಮುರಿದು, ಆಮೇಲೆ ಪ್ರಮೀಳಾ ರ್ಯಾಚೆಟ್ ಕೂರಿಸಿದಳು. ಆಚೆ ಬದಿ ಬೋಲ್ಟಿನ ತಲೆಗೆ ಪಾನಾ ಹಿಡಿದು ಕೂತವಳು ಗುಡ್ಡಮ್ಮ. ಪಾನಾ ಎಂಥದ್ದೇ ಬರಲಿ, ಆಚೆ ಹಿಡಿಯಲು ಒಬ್ಬರು ಬೇಕೇ ಬೇಕು.

ಕಟಕಟಕಟ ಅಂತ ಒಂದೇ ಓಟ. ಗುಡ್ಡಮ್ಮ ಅಭ್ಯಾಸಬಲದಿಂದ ಸಂದಿಗೆ ಕಾದಳು, ಏನೋ ಹೇಳಬೇಕೆಂದು ಬಾಯಿ ತೆರೆದಳು. ಸಂದಿ ಬರಲೇ ಇಲ್ಲ. ನಟ್ಟು ಉದುರಿ ಪ್ರಮೀಳಾಳ ಅಂಗೈಗೆ ಬಿತ್ತು.

"ಕೈ ಹೆಂಗೈತೆ?"

"ನೋವೇ ಇಲ್ಲ ಅತ್ತೆ."

ಇನ್ನೂ ಏಳು ನಟ್ಟು ಬಾಕಿ ಇತ್ತು. ಪ್ರಮೀಳಾ ಎರಡನೆಯದಕ್ಕೆ ಪಾನಾ ಕೂರಿಸಿದವಳು ತಿರುವಲಿಲ್ಲ. ಮಷಿನ್ನಿನ ಮರೆಯಿಂದ ಅವಳ ದನಿ ಬಂತು.

"ಅವತ್ತು ಅಂಗಡಿಯಿಂದ ಬರೋವಾಗ, ಬಸ್ಸಲ್ಲಿ, ಮಾವ ಏನಂದ್ರು?"

ಗುಡ್ಡಮ್ಮ ಹಿಡಿತ ಬಿಗಿ ಮಾಡಿದಳು. "ಶಿರಾಳಕೊಪ್ಪ ದಾಟೋ ತನಕ ಏನೂ ಅನ್ಲಿಲ್ಲ. ಆಮೇಲೆ..."

"ಆಮೇಲೆ?"

"ನೀ ಒಂದು ಎಳೆತ ಎಳಿ, ಹೇಳ್ತೀನಿ."