ಕೌದಿಯೊಳಗಿನ ಸೀಟಿ

ನಾನು ಒಂದು ಸೀಟಿ. ಹೊಟ್ಟೆಯಲ್ಲಿ ಬೆಂಡಿನ ಗುಂಡು ಇಟ್ಟುಕೊಂಡೇ ಹುಟ್ಟಿದೆ. ಕಿರುಚುವುದೊಂದೇ ನನ್ನ ವಿದ್ಯೆ. ಗದಗಿನ ಅಂಗಡಿಯೊಂದರಿಂದ ನನ್ನನ್ನು ಕೊಂಡವಳು ಬಸ್ ಕಂಡಕ್ಟರ್ ದಾಕ್ಷಾಯಣಿ. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಅವಳ ಕೊರಳಲ್ಲಿ ತೂಗುತ್ತ ಊರೂರು ಮೆರೆದೆ. ಸೊಕ್ಕಿತ್ತು, ಸುಳ್ಳೇಕೆ ಹೇಳಲಿ?

ಒಂದು ದಿನ ರಸ್ತೆಗೆ ಎಮ್ಮೆ ಅಡ್ಡ ಬಂತು. ಬ್ರೇಕಿನ ರಭಸಕ್ಕೆ ದಾಕ್ಷಾಯಣಿಯ ತಲೆ ಕಂಬಿಗೆ ಬಡಿಯಿತು. ರಕ್ತ ಬರಲಿಲ್ಲ. ಆದರೆ ಮಿದುಳು ಅಲುಗಿತ್ತು. ಅಂದಿನಿಂದ ಚಮಚ ಬಿದ್ದರೂ ಅವಳು ಹಣೆ ಹಿಡಿದು ಕೂರುವಳು. ಗಾಯ ಕಾಣದ್ದರಿಂದ ನೆರೆಯವರು ನಂಬಲಿಲ್ಲ. ಆಫೀಸಿನಲ್ಲಿ ಕುರ್ಚಿ ಕೊಡುತ್ತೇವೆ ಎಂದರು ಮೇಲಿನವರು. ಅವಳಿಗೆ ಬಸ್ಸೇ ಬೇಕಿತ್ತು.

ನಂಬಿದವಳು ಅತ್ತೆ ಫಕೀರವ್ವ. ಕುಕ್ಕರನ್ನು ಅಟ್ಟಕ್ಕೇರಿಸಿದಳು, ದೇವರ ಗಂಟೆಗೆ ಅರಿವೆ ಸುತ್ತಿದಳು. ಜೋಳದ ರೊಟ್ಟಿ ಇಲ್ಲದೆ ತುತ್ತು ಇಳಿಯದ ಆ ಮುದುಕಿ, ಬಡಿಯುವ ಸಪ್ಪಳಕ್ಕೆ ಹೆದರಿ ಚಪಾತಿ ಲಟ್ಟಿಸಿದಳು. ಎಷ್ಟು ಪ್ರೀತಿ! ಆದರೆ ಮನೆ ಮೌನವಾದಷ್ಟೂ ಸೊಸೆಗೆ ತರಗೆಲೆಯ ಸದ್ದೂ ಚುಚ್ಚತೊಡಗಿತು.

"ಪೂರಾ ಸಪ್ಪಳ ಇಲ್ಲದಂಗ ಇದ್ರ ಕಿವಿ ಇನ್ನೂ ನಾಜೂಕ ಆಗ್ತಾವ್ರಿ. ದಿನಾ ಒಂದೀಟ ರೂಢಿ ಮಾಡ್ರಿ. ತ್ರಾಸಾದ್ರ ನಿಲ್ಲಸ್ರಿ," ಅಂದರು ಡಾಕ್ಟರು.

ಅಂದು ಸಂಜೆ ಫಕೀರವ್ವ ನನ್ನನ್ನು ಹಿತ್ತಲಿನ ತುದಿಗೆ ಒಯ್ದು, ತಲೆತುಂಬ ಕೌದಿ ಹೊದ್ದು, ಬೊಚ್ಚುಬಾಯಲ್ಲಿ ಊದಿದಳು. ಗಾಳಿಯೇ ಹೆಚ್ಚು ಬಂತು.

"ಕೇಳತೈತೇನವಾ?"

"ಕೇಳತೈತಿ ಅತ್ತಿ. ಇನ್ನೊಂದೀಟ ಈ ಕಡೆ ಬರ್ರಿ."

ದಿನವೂ ಒಂದಿಷ್ಟು ಹತ್ತಿರ ಬಂದೆವು. ಕೆಲವು ದಿನ ಹಿಂದೆ ಸರಿದೆವು. ತಲೆ ಸಿಡಿದಾಗ ದಾಕ್ಷಾಯಣಿ ಕೋಣೆ ಸೇರಿ ಅಳುತ್ತಿದ್ದಳು. ಮರುದಿನ ತಾನೇ ಕೌದಿ ತಂದು ಅತ್ತೆಯ ಕೈಗಿಡುತ್ತಿದ್ದಳು. ಎಂಥ ಗಟ್ಟಿ ಹೆಣ್ಣು! ನೋಯಿಸುವುದು ನಾನೇ ಎಂದು ಗೊತ್ತಿದ್ದೂ ನನ್ನನ್ನೇ ಕರೆದಳು. ಮೆಲ್ಲಗೆ ಕೂಗುವುದನ್ನು ನಾನು ಕಲಿತದ್ದು ಆಗ.

ಕೊನೆಗೊಂದು ಬೆಳಿಗ್ಗೆ ಫಕೀರವ್ವ ಕೌದಿ ಮಡಚಿಟ್ಟು, ಹೊಸ್ತಿಲಲ್ಲೇ ನಿಂತು ಊದಿದಳು. ಸೊಸೆ ಕಣ್ಣು ಮುಚ್ಚಿದಳು; ಎದ್ದು ಹೋಗಲಿಲ್ಲ. ಆಮೇಲೆ ನನ್ನನ್ನು ಇಸಿದುಕೊಂಡು ತಾನೇ ಎರಡು ಸಲ ಊದಿದಳು.

"ಅತ್ತಿ, ನಾಳೆ ರೊಟ್ಟಿ ಬಡೀರಿ. ಡ್ಯೂಟಿಗೆ ಬುತ್ತಿ ಬೇಕು."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ನನ್ನ ಗುಂಡು ಸವೆದಿದೆ. ಅವಳ ಕೊರಳಲ್ಲಿ ಹೊಸ ಸೀಟಿ. ನನಗೆ ಅಡುಗೆಮನೆಯ ಮೊಳೆ. ಫಕೀರವ್ವ ತೀರಿಕೊಂಡಳು. ಡ್ಯೂಟಿಗೆ ಹೊರಡುವ ಮುನ್ನ ದಾಕ್ಷಾಯಣಿಯೇ ರೊಟ್ಟಿ ಬಡಿಯುತ್ತಾಳೆ, ಓಣಿಗೆಲ್ಲ ಕೇಳುವಂತೆ. ಅಷ್ಟು ಚಂದದ ಸದ್ದನ್ನು ನಾನು ಜನ್ಮದಲ್ಲಿ ಹೊರಡಿಸಿಲ್ಲ.